ಗಂಧರಾಜದ ಕಟ್ಟೆ

ಸೃಷ್ಟಿ, ಸಮರ್ಥ, ನಿಮ್ಮ ಆಯಿ ಬರೆಯುತ್ತಿದ್ದೇನೆ. ಹೋದ ಸಲ ನಾನು ಮಗಳನ್ನು ನೋಡಲು ಸಡಾಕ್ಕೆ ನಿಮ್ಮ ಮನೆಗೆ ಬಂದಾಗ ನೀವಿಬ್ಬರೂ ಸೆರಗು ಹಿಡಿದು ಹಟ ಮಾಡಿದಿರಿ. ಮುತ್ಯಾ ಕಟ್ಟಿದ ಕಟ್ಟೆ ನೋಡಬೇಕು, ನೀನು ಕೆಲಸಕ್ಕೆ ಹೋಗುವ ಬಾಯಿಯ ತೋಟಕ್ಕೆ ಕರೆದುಕೊಂಡು ಹೋಗು ಎಂದಿರಿ. ನಿಮ್ಮಪ್ಪ ತಾಟಿನ ಮೇಲೆ ತಲೆ ತಗ್ಗಿಸಿದ. ನಾನೂ ಏನೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋದೆ. ನಾಲ್ಕು ಜನರಿದ್ದರೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಊರ ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯತನಕ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ.

ಆ ಕಟ್ಟೆ ಈಗ ಇಲ್ಲ. ಒಡೆಸಿದವಳು ನಾನು, ಒಡೆದವನು ನಿಮ್ಮಪ್ಪ. ಯಾಕೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಕೆಲಸ ಮಾಡುವ ಮನೆ ಚಿಂಬಲ್ ಗುಡ್ಡ ಇಳಿದು ನದಿಯ ಕಡೆ ನಡೆದರೆ ಸಿಗುತ್ತದೆ. ಆ ಮನೆಯ ಹಿರಿಯಮ್ಮನನ್ನು ನಾನು ಬಾಯಿ ಎಂದೇ ಕರೆಯುವುದು. ಬಾಯಿ ನನಗಿಂತ ದೊಡ್ಡವರು, ಮದುವೆಯಾದವರಲ್ಲ, ತಮ್ಮನ ಸಂಸಾರದ ಜೊತೆ ಇದ್ದಾರೆ. ಮನೆಯ ಒಳಗೆಲ್ಲ ತಮ್ಮನ ಹೆಂಡತಿಯ ಯಜಮಾನಿಕೆ, ಹೊರಗಿನ ಗಿಡಗಳೆಲ್ಲ ಬಾಯಿಯ ಪಾಲು. ಬಾಯಿ ಆಡುವುದು ಕೊಂಕಣಿ. ಅವರ ಮಾತನ್ನು ನನಗೆ ಅರ್ಥವಾದಂತೆ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಮನೆಯ ಸುತ್ತ ದೊಡ್ಡ ದೊಡ್ಡ ಮಾವಿನ ಮರ, ಹಲಸಿನ ಮರ. ಮಧ್ಯಾಹ್ನದಲ್ಲೂ ಅಂಗಳಕ್ಕೆ ಬಿಸಿಲು ಬೀಳುವುದಿಲ್ಲ. ಮೊದಲ ದಿನ ನೋಡಿದಾಗ, ಇಂಥ ಕತ್ತಲಲ್ಲಿ ಏನು ಹೂ ಬಿಟ್ಟೀತು ಎಂದುಕೊಂಡಿದ್ದೆ. ನಮ್ಮೂರ ಕಡೆ ನೆರಳೆಂದರೆ ಬೇವಿನ ಮರದ್ದು, ಅದೂ ದನ ಕಟ್ಟುವುದಕ್ಕೆ. ಗಿಡ ನೆರಳಿಗೆ ಬಿದ್ದರೆ ಸೊರಗಿತು ಎಂದೇ ಲೆಕ್ಕ. ನೆರಳಿನಲ್ಲೂ ನೂರು ಬಗೆ ಇವೆ ಎಂದು ಕಲಿಸಿದವರು ಬಾಯಿ. ಮಾವಿನ ನೆರಳು ಆಡುವ ನೆರಳು, ಗಾಳಿ ಬಂದಂತೆ ಸರಿಯುತ್ತದೆ, ಅದರ ಕೆಳಗೆ ಅಬ್ಬಲಿಗೆ ಚೆನ್ನಾಗಿ ಬರುತ್ತದೆ. ಹಲಸಿನದು ದಟ್ಟ, ಅಲ್ಲಿ ನಂದಿಬಟ್ಟಲು ಮಾತ್ರ ತಡೆಯುತ್ತದೆ. ಕೇಪಳವನ್ನು ಅರ್ಧ ದಿನದ ಬಿಸಿಲು ಸಿಗುವ ಪಾಗಾರದ ಗೋಡೆಯ ಅಂಚಿಗೆ ಹಚ್ಚಬೇಕು. ಇವೆಲ್ಲ ವರ್ಷವಿಡೀ ಎಲೆ ಹಸಿರಾಗಿರುವ ಗಿಡಗಳು. ಮೇಲಿನ ಮರ ಎಷ್ಟು ಎಲೆ ಉದುರಿಸಿದರೂ ಇವು ಉದುರಿಸುವುದಿಲ್ಲ. ನೆರಳಿನ ಗಿಡ ಹೂ ಬಿಡುವುದು ಕಡಿಮೆ, ಬಿಟ್ಟ ಹೂ ಬಾಡುವುದು ತಡ. ಮೇಲಿನ ಎಲೆಯೆಲ್ಲ ಬುಡಕ್ಕೆ ಬಿದ್ದು ಕೊಳೆತು ಕರಿ ಮಣ್ಣಾಗುತ್ತದಲ್ಲ, ಅದೇ ಅವುಗಳ ಊಟ. ನಾನು ಮೊದಮೊದಲು ಅದನ್ನೆಲ್ಲ ಸ್ವಚ್ಛ ಗುಡಿಸಿ ಸುಡುತ್ತಿದ್ದೆ. ಅನ್ನ ಸುಡುತ್ತಿದ್ದೀ ಎಂದು ಬಾಯಿ ಪೊರಕೆ ಕಸಿದುಕೊಂಡಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿಯ ಕೋಣೆಯ ಕಿಟಕಿ ಪಕ್ಕದ ಗಂಧರಾಜ. ಇಲ್ಲಿನವರು ಅದಕ್ಕೆ ಅನಂತ ಎನ್ನುತ್ತಾರೆ. ಬಾಯಿಯ ತಾಯಿ ಹಚ್ಚಿದ ಗಿಡ. ಮೂಡಲ ಕಡೆಯಿಂದ ಬೆಳಗಿನ ಎಳೆ ಬಿಸಿಲು, ಆಮೇಲೆ ದಿನವೆಲ್ಲ ನೆರಳು. ಅದಕ್ಕೆ ಬೇಕಾದ್ದು ಅಷ್ಟೇ. ಬೇಸಿಗೆ ಮುಗಿಯುವ ಹೊತ್ತಿಗೆ ಬೆಣ್ಣೆಯಂಥ ಹೂ ಬಿಡುತ್ತಿತ್ತು. ಬಾಯಿ ದಿನಕ್ಕೊಂದು ಹೂವನ್ನು ಗಾಜಿನ ಬಟ್ಟಲ ನೀರಲ್ಲಿ ತೇಲಿಬಿಟ್ಟು ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಹಾಗೆ ಮಲಗಿದರೆ ತಾಯಿ ಕೋಣೆಯೊಳಗೆ ಓಡಾಡಿದಂತೆ ಆಗುತ್ತದೆ ಎಂದು ಒಮ್ಮೆ ಹೇಳಿದ್ದರು.

ನಿಮ್ಮ ಮುತ್ಯಾ, ನನ್ನ ಯಜಮಾನರು, ಕಲಂಗುಟ್ ಕಡೆ ಹೋಟೆಲುಗಳ ಗೋಡೆ ಕಟ್ಟುತ್ತಿದ್ದರು. ಎದೆಯ ಬೇನೆ ಶುರುವಾದ ಮೇಲೆ ಎತ್ತರ ಏರುವುದು ಆಗಲಿಲ್ಲ. ಚಿಂಬಲ್‌ನಲ್ಲಿ ನಾವಿರುವ ಖೋಲಿಯಲ್ಲಿ ಒಬ್ಬರೇ ಕುಳಿತು ಏನು ಮಾಡುವುದೆಂದು ನನ್ನ ಜೊತೆ ಬಂದು ಮಾವಿನ ಬೇರಿನ ಮೇಲೆ ಕೂರುತ್ತಿದ್ದರು. ಗಂಧರಾಜ ಇರುವ ಜಾಗ ಇಳಿಜಾರು. ಮಳೆ ಬಂದಾಗ ಬುಡದ ಮಣ್ಣು ಜಾರಿ ಬೇರು ಕಾಣುತ್ತಿತ್ತು. ನಾಲ್ಕು ಕಲ್ಲು ಅಡ್ಡ ಇಡುತ್ತೀರಾ ಎಂದು ಬಾಯಿ ಕೇಳಿದರು. ಇವರು ನಾಲ್ಕು ಕಲ್ಲು ಇಟ್ಟು ಏಳುವವರೇ? ಚಿರೆಕಲ್ಲು ತರಿಸಿ, ಕೂತುಕೂತೇ ದುಂಡಗೆ ಕಟ್ಟೆ ಕಟ್ಟಿ, ಸಿಮೆಂಟು ಗಿಲಾವು ಮಾಡಿ, ಅಂಚನ್ನು ಗಾರೆ ಮೆತ್ತುವ ಥಾಪಿಯಿಂದ ಕನ್ನಡಿಯ ಹಾಗೆ ನುಣುಪು ಮಾಡಿದರು. ಅದೇ ಅವರ ಕಡೆಯ ಕೆಲಸ. ಆ ವರ್ಷದ ದೀಪಾವಳಿಗೆ ಅವರು ಇರಲಿಲ್ಲ.

ಆಮೇಲೆ ನಾನು ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ ಕಟ್ಟೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದೆ. ಊರಲ್ಲಿ ಕಟ್ಟೆ ಎಂದರೆ ಹಾಗೇ ಇರಬೇಕಲ್ಲ. ಕ್ರಿಶ್ಚಿಯನ್ನರ ಮನೆಯಲ್ಲಿ ಗುಡಿ ಮಾಡಿಟ್ಟಿದ್ದೀ, ನಾಳೆ ಗಂಟೆಯನ್ನೂ ಕಟ್ಟುತ್ತೀ ಎಂದು ತಮ್ಮನ ಹೆಂಡತಿ ನಗುತ್ತಿದ್ದರು. ಬಾಯಿ ಮಾತ್ರ ಏನೂ ಅನ್ನುತ್ತಿರಲಿಲ್ಲ. ಮಧ್ಯಾಹ್ನ ಆ ಕಟ್ಟೆಯ ಮೇಲೆ ಕುಳಿತೇ ನಾನು ರೊಟ್ಟಿ ತಿನ್ನುತ್ತಿದ್ದೆ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಗಿಡದ ಚಿಗುರು ಹಳದಿಯಾಗಿ ಬರತೊಡಗಿತು. ಎಲೆಯ ನರ ಮಾತ್ರ ಹಸಿರು, ನಡುವೆಲ್ಲ ಲಿಂಬೆಹಣ್ಣಿನ ಬಣ್ಣ. ಹೂ ಕಡಿಮೆಯಾಯಿತು. ಮರುವರ್ಷ ಬೆರಳೆಣಿಕೆ. ಅದರ ಮರುವರ್ಷ ಒಂದೂ ಇಲ್ಲ. ಬಾಯಿಯ ಗಾಜಿನ ಬಟ್ಟಲು ಕಿಟಕಿಯಲ್ಲಿ ಬರಿದಾಗಿ ಕೂತಿತು.

ನೆರಳು ಹೆಚ್ಚಾಗಿದೆ ಎಂದು ನನ್ನ ಮೊದಲ ಅನುಮಾನ. ಮೇಲಿದ್ದ ಮಾವಿನ ಕೊಂಬೆಯೊಂದನ್ನು ಮರ ಹತ್ತುವವನಿಂದ ಕಡಿಸಿದೆವು. ಮಧ್ಯಾಹ್ನದ ಬಿಸಿಲು ನೇರ ಬಿದ್ದು, ಇದ್ದ ನಾಲ್ಕು ಹಸಿರು ಎಲೆಗಳ ಅಂಚೂ ಸುಟ್ಟುಹೋಯಿತು. ಹಳೆಯ ಸೀರೆಯೊಂದನ್ನು ಬಿದಿರಿಗೆ ಕಟ್ಟಿ ಮತ್ತೆ ನೆರಳು ಮಾಡಬೇಕಾಯಿತು. ಆಮೇಲೆ ಹುಳವಿರಬೇಕೆಂದು ಎಲೆ ತಿರುವಿ ನೋಡಿದೆ. ತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಹುಳ, ಅದನ್ನು ನೆಕ್ಕಲು ಬಂದ ಇರುವೆ. ಬೇವಿನೆಣ್ಣೆಯನ್ನು ಸಾಬೂನು ನೀರಿಗೆ ಕಲಸಿ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿದೆ. ಹುಳ ಹೋಯಿತು, ಹಳದಿ ಹೋಗಲಿಲ್ಲ. ಇನ್ನು ಹಸಿವೆಯೇ ಇರಬೇಕೆಂದು ಹಳೆಯ ಸೆಗಣಿಗೊಬ್ಬರ ಹಾಕಿದೆ. ಒಲೆಯ ಬೂದಿಯನ್ನೂ ತಂದು ಸುರಿದೆ. ನಮ್ಮೂರಲ್ಲಿ ಯಾವ ಗಿಡ ಸೊರಗಿದರೂ ಬುಡಕ್ಕೆ ಬೂದಿ ಹಾಕುವುದೇ ಔಷಧ. ಬೂದಿ ಹಾಕಿದ ಮೇಲೆ ಹಳದಿ ಚಿಗುರು ಕಾಗದದಂತೆ ಬೆಳ್ಳಗಾಯಿತು. ಜೋಳದ ಕಾಳಿನಷ್ಟು ಮೊಗ್ಗು ಬಂದವು, ಬಂದಂತೆ ಉದುರಿದವು. ಅದೇ ಅಂಗಳದಲ್ಲಿ ಹತ್ತು ಹೆಜ್ಜೆ ಆಚೆ ಅಬ್ಬಲಿಗೆ, ನಂದಿಬಟ್ಟಲು ಎಲ್ಲ ಕಡು ಹಸಿರಾಗಿ ನಿಂತಿದ್ದವು. ಇದೊಂದಕ್ಕೇ ಏನು ಶಾಪ ಎಂದು ನಾನು ಅದರ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ, ಬಾಯಿ ಏನೋ ತರಲು ನನ್ನನ್ನು ಮಾಪ್ಸಾದ ಶುಕ್ರವಾರದ ಸಂತೆಗೆ ಕಳಿಸಿದರು. ಅಲ್ಲಿ ಸಸಿ ಮಾರುವವನೊಬ್ಬ ಹಾವೇರಿ ಕಡೆಯವನು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದ ಎಲೆಯನ್ನು ಅವನ ಮುಂದಿಟ್ಟೆ. ಕೇಳಲು ನಾಲಿಗೆ ಏಳಲಿಲ್ಲ. ಅವನೇ ನಕ್ಕ.

"ಏನ್ ಯವ್ವಾ, ಪೇಶಂಟನ್ನ ಮನ್ಯಾಗ ಬಿಟ್ಟು ಬರೇ ಉಗುರು ತಂದೀರಲ್ಲ."

ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಅವನು ಕೇಳಿದ್ದು ಗಿಡದ ವಿಷಯವೇ ಅಲ್ಲ.

"ಬುಡದಾಗ ಸಿಮೆಂಟ್ ಏನರ ಐತೇನು?"

"ಕಟ್ಟಿ ಐತ್ರಿ" ಎಂದೆ.

"ಸುಣ್ಣಾ ಹಚ್ತೀರಿ?"

"ವರ್ಷಾ ಹಚ್ತೇನ್ರಿ. ಬೂದಿನೂ ಹಾಕೀನಿ."

ಅವನ ನಗು ಹೋಯಿತು. "ಗಂಧರಾಜಕ್ಕ ಹುಳಿ ಮಣ್ಣ ಬೇಕ ಯವ್ವಾ. ಸಿಮೆಂಟು, ಸುಣ್ಣಾ, ಬೂದಿ, ಮೂರೂ ಅದಕ್ಕ ವಿಷಾನ. ಮಣ್ಣಾಗ ಊಟ ಇದ್ರೂ ಉಣ್ಣಾಕ ಬರಂಗಿಲ್ಲ ಅದಕ್ಕ. ಕಟ್ಟಿ ಒಡಸ್ರಿ. ಜೂನದ ಮಿರಗದ ಮಳಿಗಿಂತ ಮದ್ಲ ಒಡಸಿದ್ರ ಮಳಿನ ಎಲ್ಲಾ ತೊಳಕೊಂಡ ಹೋಗ್ತೈತಿ. ಮುಂದಿನ ವರ್ಷಕ್ಕ ಅಂದ್ರ ಗಿಡ ಇರೂದಿಲ್ಲ."

ಬಸ್ಸಿನಲ್ಲಿ ಕೂತಾಗ ಆ ಎಲೆ ಇನ್ನೂ ಕೈಯಲ್ಲಿತ್ತು. ಮಳೆ ಬಂದಾಗಲೆಲ್ಲ ಕಟ್ಟೆಯ ಸುಣ್ಣ ಹಾಲಿನಂತೆ ಇಳಿದು ಬೇರಿಗೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೆ, ಚೆಂದ ಕಾಣುತ್ತದೆ ಎಂದುಕೊಂಡಿದ್ದೆ.

ಬಾಯಿಗೆ ಹೇಳಲಿಲ್ಲ. ಕಟ್ಟೆ ಒಡೆಯದೆ ಗಿಡ ಉಳಿಸುವ ದಾರಿ ಹುಡುಕಿದೆ. ಈ ಗಿಡದಿಂದಲೇ ಇನ್ನೊಂದು ಸಸಿ ಮಾಡಿ ಬೇರೆ ಕಡೆ ಹಚ್ಚಿದರೆ ಬಾಯಿಗೆ ಹೂ ಸಿಗುತ್ತದೆ, ನನಗೆ ಕಟ್ಟೆ ಉಳಿಯುತ್ತದೆ ಎಂದು ಮನಸ್ಸು ಹೇಳಿತು. ಮುಂದಿನ ಸಂತೆಯಲ್ಲಿ ಸಸಿಯವನಿಂದ ಗೂಟಿ ಕಟ್ಟುವುದನ್ನು ಕಲಿತು ಬಂದೆ. ಬೆರಳು ದಪ್ಪದ ಟೊಂಗೆ ಆರಿಸಿ, ಉಂಗುರದಷ್ಟು ಅಗಲ ಸಿಪ್ಪೆ ಸುಲಿದು, ಅಲ್ಲಿಗೆ ಹಸಿ ತೆಂಗಿನ ನಾರು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿ ಎರಡೂ ಕಡೆ ಬಿಗಿದು ಕಟ್ಟಬೇಕು. ಒಳಗಿನ ನಾರಿನಲ್ಲಿ ಬೇರು ಬಂದ ಮೇಲೆ ಟೊಂಗೆ ಕತ್ತರಿಸಿದರೆ ಅದೇ ಹೊಸ ಗಿಡ. ಕೆಲವು ಟೊಂಗೆಗಳಿಗೆ ಕಟ್ಟಿದೆ. ನಾರು ಒಣಗದಂತೆ ನೋಡಿಕೊಂಡೆ, ಇರುವೆ ಗೂಡು ಕಟ್ಟದಂತೆ ಕಾದೆ. ಮೇ ತಿಂಗಳ ನಡುವೆ ಬಿಚ್ಚಿ ನೋಡಿದರೆ ಬಿಳಿ ಬೇರಿನ ಎಳೆಯೊಂದೂ ಇಲ್ಲ, ಸಿಪ್ಪೆ ಸುಲಿದ ಕಡೆ ಟೊಂಗೆ ಕಪ್ಪಾಗಿತ್ತು. ಉಣ್ಣಲಾಗದ ಗಿಡ ಮರಿ ಹಾಕೀತು ಹೇಗೆ?

ಆಗ ಬೇರೆ ದಾರಿ ಉಳಿಯಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ಬಾಯಿ ಕಿಟಕಿಯ ಸರಳುಗಳ ನಡುವೆ ಕೈ ಹೊರಗೆ ಹಾಕಿ ಗಿಡದ ಎಲೆ ಮುಟ್ಟುವುದನ್ನು ನೋಡುತ್ತಿದ್ದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಒಂದು ದಿನ ಪೊರಕೆ ಕೆಳಗಿಟ್ಟು ಕಿಟಕಿಯ ಬಳಿ ಹೋದೆ. ಸಂತೆಯವನು ಹೇಳಿದ್ದನ್ನೆಲ್ಲ ಹೇಳಿದೆ.

ಬಾಯಿ ಎಲೆಯಿಂದ ಕೈ ಒಳಗೆ ಎಳೆದುಕೊಂಡರು. ಆಮೇಲೆ, ಗಿಡ ಹೋಗುವುದಾದರೆ ಹೋಗಲಿ ಎಂದರು. ಅದಕ್ಕೂ ವಯಸ್ಸಾಯಿತು, ನನಗೂ ಆಯಿತು, ನಿನ್ನ ಗಂಡನ ಕೈಯ ಕೆಲಸ ಮುಟ್ಟಬೇಡ ಎಂದರು. ಹೇಳಿ ಕಿಟಕಿಯ ಕಡೆಗೆ ಬೆನ್ನು ಮಾಡಿದರು.

ನಾನು ಸಾಮಾನ್ಯವಾಗಿ ಬಾಯಿ ಹೇಳಿದ್ದಕ್ಕೆ ಎದುರಾಡಿದವಳಲ್ಲ. ಆ ದಿನ ಅರ್ಧ ಕೊಂಕಣಿ, ಅರ್ಧ ನಮ್ಮ ಮಾತು ಕೂಡಿಸಿ ಹೇಳಿದೆ. "ಬಾಯಿ, ಅವ್ರು ಕಟ್ಟಿ ಕಟ್ಟಿದ್ದು ಗಿಡಕ್ಕಂತ. ಗಿಡಾನ ಹ್ವಾದ ಮ್ಯಾಲ ಕಟ್ಟಿ ಇಟ್ಕೊಂಡ ಏನ್ ಮಾಡೂದು?"

ಮಕ್ಕಳೇ, ಇದನ್ನು ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಆ ಮಾತು ಪೂರಾ ಖರೆಯಲ್ಲ. ನನಗೆ ಮೊಣಕಾಲು ನೋವು, ನೆಲದಲ್ಲಿ ಕುಳಿತರೆ ಏಳುವುದು ಕಷ್ಟ. ಕಟ್ಟೆ ಕಟ್ಟುವಾಗ ಮುತ್ಯಾ ನನ್ನನ್ನು ಕರೆದು ನಿಲ್ಲಿಸಿ, ದಾರವನ್ನು ನೆಲದಿಂದ ನನ್ನ ಮೊಣಕಾಲಿನತನಕ ಹಿಡಿದು ಗಂಟು ಹಾಕಿಕೊಂಡಿದ್ದರು. ಗಿಡದ ಮಣ್ಣು ನಿಲ್ಲಲು ಅಷ್ಟು ಎತ್ತರ ಬೇಕಾಗಿರಲಿಲ್ಲ. ಯಾಕೆ ಇಷ್ಟು ಎತ್ತರ ಎಂದು ಕೇಳಿದ್ದಕ್ಕೆ, "ನೀ ಸುಮ್ಮ್ ನಿಂದ್ರ" ಎಂದಿದ್ದರು. ಬೇರೆ ಏನೂ ಹೇಳುವ ಮನುಷ್ಯರಲ್ಲ ಅವರು. ಈ ವಿಷಯ ಬಾಯಿಗೆ ಹೇಳಿದ್ದರೆ ಅವರು ಕಟ್ಟೆ ಒಡೆಯಲು ಎಂದಿಗೂ ಒಪ್ಪುತ್ತಿರಲಿಲ್ಲ.

ಮುಂದಿನ ಭಾನುವಾರ ನಿಮ್ಮಪ್ಪ ಸಡಾದಿಂದ ಸುತ್ತಿಗೆ, ಛೇಣಿ, ಹಾರೆ ತಂದ. ಚಿಕ್ಕ ಕಟ್ಟೆ, ಚಹಾದ ಹೊತ್ತಿಗೆ ಮುಗಿಸುತ್ತೇನೆ ಎಂದು ಅಂಗಿ ಬಿಚ್ಚಿಟ್ಟ. ಅವನಿಗೆ ಥಾಪಿ ಹಿಡಿಯಲು ಕಲಿಸಿದವರು ಮುತ್ಯಾನೇ. ಚಹಾ ಆಯಿತು, ಊಟವೂ ಆಯಿತು, ಅರ್ಧ ಸುತ್ತೂ ಒಡೆದಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದ.

"ಅತ್ತಿ, ಮಾವಾರು ಇಲ್ಲಿ ಗಿಡಾ ಕಟ್ಟಿದ್ರೋ ಆನಿ ಕಟ್ಟಿದ್ರೋ? ಕಲ್ಲಿಗೆ ಕಲ್ಲ ಬಿಡವಲ್ದು."

"ನಿನಗ ಕಲಿಸಿದಾಗ ಅರ್ಧಾನ ಕಲಿಸ್ಯಾರ ತಗೋ" ಎಂದೆ. ಅವನು ನಕ್ಕ. ನಾನೂ ನಕ್ಕೆ. ಅವನು ಮತ್ತೆ ಸುತ್ತಿಗೆ ಎತ್ತಿದಾಗ ಪಾತ್ರೆ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದೆ. ಅಲ್ಲಿಗೂ ಕೇಳುತ್ತಿತ್ತು. ಪ್ರತಿ ಪೆಟ್ಟೂ ಗಟ್ಟಿ ಕಲ್ಲಿನದು, ಟೊಳ್ಳು ಸದ್ದು ಒಂದೂ ಬರಲಿಲ್ಲ. ಅಷ್ಟು ಬೇನೆಯಲ್ಲೂ ಒಂದು ಸಂದಿ ಬಿಡದೆ ಗಾರೆ ತುಂಬಿದ್ದರು.

ಗಂಧರಾಜದ ಬೇರು ಆಳಕ್ಕೆ ಇಳಿಯುವುದಿಲ್ಲ, ಮೇಲೆಮೇಲೆಯೇ ಹರಡಿರುತ್ತದೆ. ಆದ್ದರಿಂದ ಒಳಗಿನ ಮಣ್ಣಿಗೆ ನಿಮ್ಮಪ್ಪನಿಗೆ ಹಾರೆ ಹಾಕಗೊಡಲಿಲ್ಲ. ನಾನೇ ನೆಲಕ್ಕೆ ಕುಳಿತು ಕೈಬೆರಳಿಂದ ಕೆದರಿ, ಬೂದಿ ಬೆರೆತ ಬಿಳಿ ಮಣ್ಣನ್ನು ಬೊಗಸೆ ಬೊಗಸೆಯಾಗಿ ತೆಗೆದೆ. ಬೇರು ಕಂಡಲ್ಲಿ ಹಸಿ ಗೋಣಿ ಮುಚ್ಚಿದೆ. ಗಾರೆಯ ಚೂರು ಒಂದೂ ಉಳಿಯಬಾರದು, ಉಳಿದರೆ ಅದರಿಂದಲೂ ಸುಣ್ಣ ಇಳಿಯುತ್ತದೆ. ಬಟಾಣಿಯಷ್ಟು ಚೂರನ್ನೂ ಹೆಕ್ಕಿದೆ. ನುಣುಪು ಅಂಚಿನ ಒಂದು ತುಂಡು ಕೈಗೆ ಬಂತು. ಅದನ್ನು ಹಿಡಿದೇ ಕುಳಿತಿದ್ದೆ, ಹೊತ್ತು ಕಳೆದದ್ದು ತಿಳಿಯಲಿಲ್ಲ. ಆಮೇಲೆ ಅದನ್ನೂ ಬುಟ್ಟಿಗೆ ಹಾಕಿದೆ. ಎಲ್ಲವನ್ನೂ ಗೇಟಿನ ಹೊರಗೆ ಮಳೆನೀರು ನಿಲ್ಲುವ ತಗ್ಗಿಗೆ ತುಂಬಿಸಿದೆವು.

ತೆಗೆದ ಮಣ್ಣಿನ ಜಾಗಕ್ಕೆ ಹಲಸಿನ ಬುಡದ ಕೊಳೆತ ಎಲೆಮಣ್ಣು, ಹಳೆಯ ಗೊಬ್ಬರ ಬೆರೆಸಿ ಹಾಕಿದೆ. ಬುಡವನ್ನು ಸುತ್ತಲಿಗಿಂತ ತುಸು ಎತ್ತರ ಮಾಡಿದೆ, ಇಲ್ಲದಿದ್ದರೆ ಇಲ್ಲಿಯ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಇಳಿಜಾರಿನ ಕಡೆ ಗಾರೆಯಿಲ್ಲದ ಬಿಡಿ ಕಲ್ಲು ಹೂತೆ. ಮೇಲೆ ಮಾವಿನ ಒಣ ಎಲೆಯ ಹೊದಿಕೆ. ಕಪ್ಪಾದ ಟೊಂಗೆಗಳನ್ನು ಹಸಿರು ಕಾಣುವತನಕ ಕತ್ತರಿಸಿದೆ. ಮುಗಿದಾಗ ನೋಡಿದರೆ ಎಲೆಗಳ ನಡುವೆ ಒಂದಿಷ್ಟು ಕಡ್ಡಿ ನಿಂತಿದ್ದವು. ತಮ್ಮನ ಹೆಂಡತಿ ಬಂದು ನೋಡಿ, ಗಿಡವೂ ಇಲ್ಲ ಗುಡಿಯೂ ಇಲ್ಲ ಎಂದರು. ಮಾತು ಮುಳ್ಳಿನಂತಿದ್ದರೂ ನನಗೆ ಚಹಾ ತಂದಿದ್ದರು, ಸಕ್ಕರೆ ಜಾಸ್ತಿ ಹಾಕಿ.

ಮಿರಗದ ಮಳೆ ಸಮಯಕ್ಕೆ ಬಂತು. ನಾನು ದಿನವೂ ಕೊಡೆ ಹಿಡಿದು ಹೋಗಿ ನೋಡುತ್ತಿದ್ದೆ. ಮೊದಲು ಬಂದ ಚಿಗುರು ಮತ್ತೆ ಹಳದಿಯೇ. ಎರಡನ್ನೂ ಕಳೆದುಕೊಂಡೆನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದೆ. ಬಾಯಿ ನನ್ನ ಮುಖ ನೋಡಿ, ಮಳೆಗೂ ಕೆಲಸ ಮಾಡಲು ಸಮಯ ಕೊಡು ಎಂದರು. ಚೌತಿಯ ಹೊತ್ತಿಗೆ ಹೊಸ ಚಿಗುರು ಬಂತು. ಎಳೆ ಹಸಿರು, ನರ ಬೇರೆ ಎಲೆ ಬೇರೆ ಎಂದು ತಿಳಿಯದ ಹಸಿರು. ಆಮೇಲೆ ಬಂದದ್ದು ಇನ್ನೂ ಕಡು. ಆ ದೀಪಾವಳಿಗೆ ಸುಣ್ಣದ ಡಬ್ಬಿ ತೆಗೆಯುವ ಕೆಲಸ ಇರಲಿಲ್ಲ. ಕೈ ಏನು ಮಾಡಬೇಕೆಂದು ತಿಳಿಯದೆ ಅಬ್ಬಲಿಗೆಯ ಬೀಜ ಆರಿಸುತ್ತ ಕುಳಿತೆ.

ಬೇಸಿಗೆಯಲ್ಲಿ ಮೊಗ್ಗು ಬಂದಾಗ ನನಗೆ ಉದುರುವ ಭಯ. ಗಂಧರಾಜದ ಮೊಗ್ಗು ಬುಡ ಒಣಗಿದರೂ ಉದುರುತ್ತದೆ, ನೀರು ಹೆಚ್ಚಾದರೂ ಉದುರುತ್ತದೆ. ಎಲೆಯ ಹೊದಿಕೆ ಸರಿಸಿ ಬೆರಳಿಟ್ಟು ನೋಡಿ, ಮಣ್ಣು ತಂಪಿದ್ದರೆ ಸುಮ್ಮನಾಗುತ್ತಿದ್ದೆ, ಇಲ್ಲದಿದ್ದರೆ ಸಣ್ಣ ಚೊಂಬಿನಿಂದ ಸುತ್ತಲೂ ಹಾಕುತ್ತಿದ್ದೆ. ಮೊಗ್ಗು ಹಸಿರು ಸುರುಳಿಯಿಂದ ಬಿಳಿಯಾಗಲು ಎಷ್ಟೊಂದು ಕಾಲ ತೆಗೆದುಕೊಂಡಿತು. ಒಂದು ಬೆಳಿಗ್ಗೆ ಗೇಟು ತೆಗೆದಾಗಲೇ ವಾಸನೆ ಬಂತು. ಹೋಗಿ ನೋಡಿದರೆ ಕಿಟಕಿಯ ಕಡೆಯ ಟೊಂಗೆಯಲ್ಲಿ ಒಂದು ಹೂ. ಬಾಯಿ ಆಗಲೇ ಎದ್ದು ಸರಳು ಹಿಡಿದು ನಿಂತಿದ್ದರು. ಕೀಳಲಿಲ್ಲ. ಇವತ್ತು ಇಲ್ಲೇ ಇರಲಿ ಎಂದರು. ನಾವಿಬ್ಬರೂ, ಒಬ್ಬರು ಒಳಗೆ ಒಬ್ಬರು ಹೊರಗೆ, ಆ ಹೂವನ್ನೇ ನೋಡುತ್ತ ನಿಂತೆವು.

ಈಗ ಗಿಡ ಕಿಟಕಿಯ ಎತ್ತರ ದಾಟಿದೆ. ಬಾಯಿಯ ಬಟ್ಟಲು ಹೂವಿನ ಕಾಲದಲ್ಲಿ ಬರಿದಾಗುವುದಿಲ್ಲ. ಅವರು ನನಗೆ ಕೂರಲು ಬೆತ್ತದ ಕುರ್ಚಿ ಹಾಕಿಸಿದ್ದಾರೆ. ಚಲೋ ಕುರ್ಚಿ. ಆದರೂ ಮಧ್ಯಾಹ್ನ ರೊಟ್ಟಿಯ ಗಂಟು ಹಿಡಿದು ಗಿಡದ ಹತ್ತಿರ ಹೋದಾಗ, ಬೇರೆ ಏನನ್ನೋ ಯೋಚಿಸುತ್ತಿದ್ದರೆ, ಮೈ ತಾನಾಗಿ ಬಗ್ಗುತ್ತದೆ. ಕಟ್ಟೆ ಇದ್ದ ಕಡೆ ಕೂರಲು ಹೋಗುತ್ತೇನೆ. ಅಲ್ಲಿ ಏನೂ ಇಲ್ಲ ಎಂದು ಮೊಣಕಾಲಿಗೆ ಇನ್ನೂ ತಿಳಿದಿಲ್ಲ. ಬರೀ ಗಾಳಿ, ಕೆಳಗೆ ಎಲೆ. ಒಂದು ಕೈಯಿಂದ ಗಿಡದ ಟೊಂಗೆ ಹಿಡಿದು ಹಾಗೇ ನಿಂತುಕೊಳ್ಳುತ್ತೇನೆ.

ರಜೆಯಲ್ಲಿ ಬನ್ನಿ, ಕರೆದುಕೊಂಡು ಹೋಗುತ್ತೇನೆ. ಹೂ ತೋರಿಸುತ್ತೇನೆ, ನೆರಳಿನಲ್ಲಿ ಯಾವುದನ್ನು ಎಲ್ಲಿ ಹಚ್ಚಬೇಕೆಂದು ಕಲಿಸುತ್ತೇನೆ. ಕಟ್ಟೆ ತೋರಿಸಲು ನನ್ನಿಂದಾಗುವುದಿಲ್ಲ. ಅದು ಎಷ್ಟು ಎತ್ತರ ಇತ್ತು, ಅಂಚು ಹೇಗಿತ್ತು, ಯಾರಿಗಾಗಿ ಕಟ್ಟಿದ್ದು ಎಂಬುದೆಲ್ಲ ಈಗ ಇಲ್ಲಿ ಬರೆದಷ್ಟೇ ಇದೆ. ನಿಮ್ಮವ್ವನ ಟ್ರಂಕಿನಲ್ಲಿ, ಮಳೆಯ ಥಂಡಿ ತಾಗದ ಹಾಗೆ, ಈ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳಿರಿ.